ಹುಟ್ಟೂರಿಗೆ ಹದಿನೆಂಟು ದಿನ: ಯಾವ ಕೌಂಟರಿನಲ್ಲಿ ನೀವು ಯಾರು?

ಭಾರತದ ಕಾನೂನಿನಲ್ಲಿ ದ್ವಿಪೌರತ್ವ ಇಲ್ಲ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಆ ಕ್ಷಣಕ್ಕೇ ತಾನಾಗಿ ಹೋಗುತ್ತದೆ. 2005ರ ತಿದ್ದುಪಡಿಯಿಂದ ಬಂದ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನ ಹೆಸರಿನಲ್ಲಿ ‘ಸಿಟಿಜನ್’ ಎಂಬ ಪದ ಇರುವುದರಿಂದ ಬಹಳ ಜನ ಅದನ್ನು ಅರ್ಧ ಪೌರತ್ವ ಅಂದುಕೊಂಡಿದ್ದಾರೆ. ಅದು ಜೀವನಪೂರ್ತಿಯ ವೀಸಾ, ಜೊತೆಗೆ ಒಂದಷ್ಟು ಸವಲತ್ತು, ಅಷ್ಟೇ. ಊರಿಗೆ ಬಂದಾಗ ಆಗುವ ಫಜೀತಿಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರು. ಒಂದು ಕೌಂಟರಿನಲ್ಲಿ ನೀವು ವಿದೇಶಿ, ಇನ್ನೊಂದರಲ್ಲಿ ಎನ್‌ಆರ್‌ಐಗೆ ಸಮ, ಮತ್ತೊಂದರಲ್ಲಿ ಭಾರತೀಯರಿಗೆ ಸಮ. ಎಲ್ಲಿ ಯಾರು ಎಂಬುದು ಮೊದಲೇ ತಿಳಿದಿದ್ದರೆ ರಜೆಯ ದಿನಗಳು ಸಾಲಿನಲ್ಲಿ ನಿಂತು ಕಳೆಯುವುದಿಲ್ಲ.

ಉದಾಹರಣೆಗೆ ಅಮೆರಿಕದಲ್ಲಿರುವ ಒಂದು ಮನೆಯನ್ನು ಇಟ್ಟುಕೊಳ್ಳೋಣ. ತಂದೆ ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನವರು, ವಯಸ್ಸು 52, ಹತ್ತು ವರ್ಷದ ಹಿಂದೆ ಅಮೆರಿಕದ ಪೌರರಾಗಿ ಒಸಿಐ ಪಡೆದವರು. ತಾಯಿಯದು ಇನ್ನೂ ಭಾರತದ ಪಾಸ್‌ಪೋರ್ಟ್, ಕೈಯಲ್ಲಿ ಗ್ರೀನ್ ಕಾರ್ಡ್. ಅಲ್ಲೇ ಹುಟ್ಟಿದ ಮಗಳಿಗೆ 24, ಮಗನಿಗೆ 15, ಇಬ್ಬರಿಗೂ ಒಸಿಐ ಇದೆ. ಅಳಿಯ ಭಾರತ ಮೂಲದವನಲ್ಲ, ಮದುವೆಯಾಗಿ ಹದಿನಾಲ್ಕು ತಿಂಗಳು. ಒಂದೇ ಮನೆಯ ಐದು ಜನ, ಮೂರು ಬಗೆಯ ಕಾಗದ. ಇಂಥ ಮನೆಗಳು ಈಗ ಅಪರೂಪವಲ್ಲ.

ಹೊರಡುವ ಮೂರು ತಿಂಗಳ ಮುಂಚೆ

ನಿಜವಾದ ಪ್ರಯಾಣ ಇಲ್ಲಿಂದ ಶುರು. ಐದೂ ಜನರ ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟು ಮೂರು ವಿಷಯ ನೋಡಬೇಕು: ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿದೆಯೇ, ಹೆಸರು ಎಲ್ಲ ಕಡೆ ಒಂದೇ ಇದೆಯೇ, ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಒಸಿಐ ದಾಖಲೆಗೆ ಸೇರಿಸಿದ್ದಾರೆಯೇ.

ಮೂರನೆಯದರಲ್ಲಿ ಎಡವುವವರು ಹೆಚ್ಚು. 2021ರಲ್ಲಿ ಸರಳವಾದ ನಿಯಮ ಹೀಗಿದೆ. ಇಪ್ಪತ್ತು ವರ್ಷ ತುಂಬುವ ಮೊದಲು ಒಸಿಐ ಪಡೆದವರು, ಇಪ್ಪತ್ತು ದಾಟಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಂದೇ ಒಂದು ಸಲ ಕಾರ್ಡನ್ನೇ ಹೊಸದಾಗಿ ಮಾಡಿಸಬೇಕು. ನಮ್ಮ ಮಗಳು ಈ ಗುಂಪಿಗೆ ಸೇರುತ್ತಾಳೆ. ಮೂರು ವರ್ಷದ ಮಗುವಿನ ಫೋಟೊ ಇರುವ ಕಾರ್ಡ್ ಹಿಡಿದು 24ರ ಹೆಣ್ಣುಮಗಳು ಚೆಕ್-ಇನ್ ಕೌಂಟರಿಗೆ ಬಂದರೆ ಅಲ್ಲಿಯ ಸಿಬ್ಬಂದಿ ಅನುಮಾನಪಡುವುದು ಸಹಜ. ಮಗನಿಗೆ ಇಪ್ಪತ್ತಾಗುವವರೆಗೆ ಪ್ರತಿ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಹೊಸ ಫೋಟೊವನ್ನು ಒಸಿಐ ಪೋರ್ಟಲ್‌ಗೆ ಅಪ್‌ಲೋಡ್ ಮಾಡಿದರೆ ಸಾಕು, ಕಾರ್ಡ್ ಬದಲಾಗುವುದಿಲ್ಲ. ಅಮೆರಿಕದಲ್ಲಿ ಹದಿನಾರರೊಳಗಿನ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುವುದರಿಂದ ಈ ಕೆಲಸ ಮೇಲಿಂದ ಮೇಲೆ ಬರುತ್ತದೆ. ತಂದೆ ಐವತ್ತು ದಾಟಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದಾರೆ, ಅವರೂ ಒಮ್ಮೆ ಅಪ್‌ಲೋಡ್ ಮಾಡಬೇಕು. ಅಪ್‌ಲೋಡಿಗೆ ಶುಲ್ಕವಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದು ಮೂರು ತಿಂಗಳೊಳಗೆ ಮುಗಿಸಬೇಕು. ಅಂತಿಮ ಸ್ವೀಕೃತಿ ಬರುವವರೆಗೂ ಪ್ರಯಾಣಕ್ಕೆ ತಡೆಯಿಲ್ಲವೆಂದು ನಿಯಮವೇ ಹೇಳುತ್ತದೆ. ಆದರೂ ಅರ್ಜಿಯ ಸ್ವೀಕೃತಿಯ ಪ್ರಿಂಟ್ ಜೊತೆಗಿರಲಿ. ಕೌಂಟರಿನಲ್ಲಿ ನಿಯಮ ಬಾಯಲ್ಲಿ ಹೇಳುವುದಕ್ಕಿಂತ ಕಾಗದ ತೋರಿಸುವುದು ಬೇಗ ಮುಗಿಯುತ್ತದೆ.

ಅಳಿಯನಿಗೆ ಒಸಿಐ ಸಿಗುವುದಿಲ್ಲ. ಸಂಗಾತಿಯ ನೆಲೆಯಲ್ಲಿ ಅರ್ಜಿ ಹಾಕಲು ಮದುವೆ ನೋಂದಣಿಯಾಗಿ, ಅರ್ಜಿಗೆ ಹಿಂದಿನ ಎರಡು ವರ್ಷ ಪೂರ್ತಿ ಮುಂದುವರಿದಿರಬೇಕು. ಈ ಸಲಕ್ಕೆ ಅವನಿಗೆ ಇ-ಟೂರಿಸ್ಟ್ ವೀಸಾ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದ ತಾಣದಲ್ಲಿ ಹಣ ಕಟ್ಟಬೇಡಿ. ಸರ್ಕಾರಿ ತಾಣದ ಹಾಗೆಯೇ ಕಾಣುವ ಖಾಸಗಿ ತಾಣಗಳು ಎರಡು ಮೂರು ಪಟ್ಟು ವಸೂಲಿ ಮಾಡುತ್ತವೆ. ಇ-ವೀಸಾದಲ್ಲಿ ವಿಮಾನದ ಮೂಲಕ ಒಳಬರಲು ನಿಗದಿಯಾದ ವಿಮಾನ ನಿಲ್ದಾಣಗಳೇ ಆಗಬೇಕು, ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮಂಗಳೂರು ಆ ಪಟ್ಟಿಯಲ್ಲಿವೆ.

ಇನ್ನು ಹೆಸರು. ಕನ್ನಡಿಗರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ, ಬೇರೆ ಹಲವು ರಾಜ್ಯದವರಿಗೆ ಹೇಳಿದರೆ ಅರ್ಥವೂ ಆಗುವುದಿಲ್ಲ. ನಮಗೆ ಮನೆತನದ ಹೆಸರು ಎಂಬುದು ಬಹಳ ಕಡೆ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ಇವೆರಡರ ಇನಿಷಿಯಲ್ಲು. ನಮ್ಮ ಉದಾಹರಣೆಯ ತಂದೆಯನ್ನೇ ನೋಡಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ರಮೇಶ ಎ.ಎಸ್.’, ಭಾರತದ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಅರಕಲಗೂಡು ಶ್ರೀನಿವಾಸಯ್ಯ ರಮೇಶ’, ಅಮೆರಿಕದ ಪಾಸ್‌ಪೋರ್ಟಿನಲ್ಲಿ ‘ರಮೇಶ’ ಮೊದಲ ಹೆಸರು, ‘ಅರಕಲಗೂಡು’ ಕೊನೆಯ ಹೆಸರು. ಊರಿನ ವಂಶವೃಕ್ಷದಲ್ಲಿ ‘ರಮೇಶ ಬಿನ್ ಶ್ರೀನಿವಾಸಯ್ಯ’. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೆಲ್ಲ ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬಂದು ಕೂತಿರುತ್ತದೆ, ಹೆಸರು ಗೊತ್ತಿಲ್ಲ ಎಂಬುದರ ಗುರುತು. ಪೌರತ್ವ ಪಡೆಯುವಾಗ ಅದನ್ನು ಸರಿಪಡಿಸಿಕೊಳ್ಳದಿದ್ದರೆ ಮುಂದೆ ಒಸಿಐ, ಬ್ಯಾಂಕು, ಜಮೀನು ಎಲ್ಲಕ್ಕೂ ಅದೇ ಅಂಟಿಕೊಳ್ಳುತ್ತದೆ. ಈ ಎಲ್ಲ ಹೆಸರೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಮಾಡಿಸಿ ನಾಲ್ಕು ಪ್ರತಿ ಇಟ್ಟುಕೊಳ್ಳಿ. ವಿಮಾನದ ಟಿಕೆಟ್ ಮಾತ್ರ ಅಮೆರಿಕದ ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಶಃ ಇರಬೇಕು.

ಹೊಸದಾಗಿ ಪೌರತ್ವ ಪಡೆದವರಿಗೆ ಒಂದು ಎಚ್ಚರಿಕೆಯ ಮಾತು. ಪ್ರಮಾಣವಚನ ಮುಗಿದಿದೆ, ಒಸಿಐ ಬಂದಿಲ್ಲ, ಅಷ್ಟರಲ್ಲಿ ಊರಿಂದ ಅಮ್ಮನಿಗೆ ಹುಷಾರಿಲ್ಲವೆಂದು ಫೋನ್ ಬರುತ್ತದೆ. ಹಳೆಯ ಭಾರತದ ಪಾಸ್‌ಪೋರ್ಟಿನ ಅವಧಿ ಇನ್ನೂ ಉಳಿದಿದೆ ಎಂದು ಅದರಲ್ಲೇ ಹೊರಟುಬಿಡುವವರಿದ್ದಾರೆ. ಇದು ಕಾನೂನುಬಾಹಿರ, ಸಿಕ್ಕಿಬೀಳುವುದೂ ಸುಲಭ. ಗ್ರೀನ್ ಕಾರ್ಡನ್ನು ಪ್ರಮಾಣವಚನದ ದಿನವೇ ವಾಪಸ್ ತೆಗೆದುಕೊಂಡಿರುತ್ತಾರೆ. ಬೆಂಗಳೂರಿನಿಂದ ಮರಳುವಾಗ ಆ ಪಾಸ್‌ಪೋರ್ಟ್ ತೋರಿಸಿದರೆ ಅಮೆರಿಕಕ್ಕೆ ಹೋಗಲು ವೀಸಾ ಎಲ್ಲಿ ಎಂದು ಮೊದಲು ಏರ್‌ಲೈನ್‌ನವರು, ಆಮೇಲೆ ಇಮಿಗ್ರೇಷನ್ ಅಧಿಕಾರಿ ಕೇಳುತ್ತಾರೆ. ಆಗ ಅಮೆರಿಕದ ಪಾಸ್‌ಪೋರ್ಟ್ ಹೊರತೆಗೆದರೆ, ಅದರಲ್ಲಿ ಭಾರತಕ್ಕೆ ಬಂದ ಮುದ್ರೆಯೇ ಇರುವುದಿಲ್ಲ. ಸರಿಯಾದ ಕ್ರಮ ಹೀಗೆ: ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟನ್ನು ರದ್ದು ಮಾಡಿಸಿ ಸರೆಂಡರ್ ಸರ್ಟಿಫಿಕೇಟ್, ಆಮೇಲೆ ಒಸಿಐ ಅರ್ಜಿ (ಅಮೆರಿಕದಲ್ಲಿ ಸರ್ಕಾರಿ ಶುಲ್ಕ 275 ಡಾಲರ್). ಮಧ್ಯೆ ತುರ್ತು ಬಂದರೆ ವೀಸಾದಲ್ಲೇ ಹೋಗಬೇಕು.

ದಿನ 1: ಚೆಕ್-ಇನ್

ಇಲ್ಲಿ ಕೇಳುವುದು ಒಂದೇ, ಭಾರತಕ್ಕೆ ಹೋಗಲು ನಿಮಗೆ ಹಕ್ಕಿದೆಯೇ ಎಂದು. ತಂದೆ, ಮಗಳು, ಮಗ ತಲಾ ಎರಡು ಪುಸ್ತಕ ಕೊಡಬೇಕು: ಅಮೆರಿಕದ ಪಾಸ್‌ಪೋರ್ಟ್ ಮತ್ತು ಒಸಿಐ. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ. ತಂದೆಯ ಒಸಿಐಯಲ್ಲಿ ಅಚ್ಚಾಗಿರುವುದು ಹಳೆಯ ಪಾಸ್‌ಪೋರ್ಟಿನ ನಂಬರು. ಸಿಬ್ಬಂದಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ತಲೆಯೆತ್ತುತ್ತಾರೆ. ಹಳೆಯ ಪಾಸ್‌ಪೋರ್ಟ್ ಹೊತ್ತು ತರಬೇಕೆಂಬ ನಿಯಮ 2021ರಲ್ಲೇ ಹೋಗಿದೆ. ಆದರೂ ಕೈಚೀಲದಲ್ಲಿ ಅದಕ್ಕೊಂದು ಜಾಗ ಕೊಡಿ ಎಂಬುದೇ ನಮ್ಮ ಸಲಹೆ. ತೂಕ ಎಷ್ಟಿದ್ದೀತು, ಮಾತು ಅಲ್ಲಿಗೇ ಮುಗಿಯುತ್ತದೆ.

ಅಳಿಯ ಇ-ವೀಸಾದ ಪ್ರಿಂಟ್ ಕೊಡುತ್ತಾನೆ. 2025ರ ಅಕ್ಟೋಬರ್ 1ರಿಂದ ಬಂದ ಇ-ಅರೈವಲ್ ಕಾರ್ಡನ್ನೂ ಅವನು ಇಳಿಯುವುದಕ್ಕೆ ಹಿಂದಿನ 72 ಗಂಟೆಗಳೊಳಗೆ ಆನ್‌ಲೈನಿನಲ್ಲಿ ತುಂಬಿರಬೇಕು, ಅದಕ್ಕೆ ದುಡ್ಡಿಲ್ಲ. ತಾಯಿಗೆ ಹೋಗುವಾಗ ಏನೂ ತಕರಾರಿಲ್ಲ. ವಾಪಸ್ ಬರಲು ಗ್ರೀನ್ ಕಾರ್ಡ್ ಇದೆಯೇ ಎಂದು ಈಗಲೇ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ದಿನ 2: ಕೆಂಪೇಗೌಡ ವಿಮಾನ ನಿಲ್ದಾಣ, ಟರ್ಮಿನಲ್ 2

ಇಳಿದ ಮೇಲೆ ಮನೆಯವರು ಬೇರೆ ಬೇರೆ ಸಾಲಿಗೆ ಹೋಗುತ್ತಾರೆ. ತಾಯಿ ಭಾರತೀಯರ ಸಾಲಿಗೆ, ಅಳಿಯ ಇ-ವೀಸಾ ಕೌಂಟರಿಗೆ, ಉಳಿದ ಮೂವರು ಒಸಿಐ ಎಂದು ಫಲಕವಿರುವ ಸಾಲಿಗೆ. ಅಳಿಯನ ಬೆರಳಚ್ಚು, ಫೋಟೊ ತೆಗೆಯುವುದರಿಂದ ಅವನು ಹೊರಬರುವುದು ಕೊನೆಗೆ. ಸಾಮಾನಿನ ಬೆಲ್ಟಿನ ಹತ್ತಿರ ಸೇರೋಣವೆಂದು ಮೊದಲೇ ಮಾತಾಡಿಕೊಳ್ಳಿ, ಇಮಿಗ್ರೇಷನ್ ಹಾಲಿನಲ್ಲಿ ನಿಂತು ಕಾಯಲು ಬಿಡುವುದಿಲ್ಲ.

ವರ್ಷಕ್ಕೊಮ್ಮೆಯಾದರೂ ಬರುವವರು ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್’ ಯೋಜನೆಗೆ ಹೆಸರು ಹಾಕಿಸಿಕೊಳ್ಳಬೇಕು. ಇದು 2024ರ ಜೂನಿನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯರಿಗೂ ಒಸಿಐ ಇರುವವರಿಗೂ ಉಂಟು. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ವಿಮಾನ ನಿಲ್ದಾಣದಲ್ಲೋ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲೋ ಬೆರಳಚ್ಚು ಕೊಟ್ಟರೆ ಮುಂದೆ ಇ-ಗೇಟಿನಿಂದಲೇ ದಾಟಬಹುದು. ನೋಂದಣಿ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ.

ಕಸ್ಟಮ್ಸ್‌ನಲ್ಲಿ ನೆನಪಿಡಬೇಕಾದದ್ದು ಡಾಲರ್ ನೋಟು. ನಗದು 5,000 ಡಾಲರ್ ಮೀರಿದರೆ, ಅಥವಾ ನಗದು ಮತ್ತು ಟ್ರಾವೆಲರ್ಸ್ ಚೆಕ್ ಸೇರಿ 10,000 ಮೀರಿದರೆ ಘೋಷಣಾ ಪತ್ರ ತುಂಬಲೇಬೇಕು.

ದಿನ 3: ಬೆಂಗಳೂರು, ಬ್ಯಾಂಕು ಮತ್ತು ಸಿಮ್ಮು

ಕಾಲೇಜು ದಿನಗಳಲ್ಲಿ ತೆರೆದ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸಿಕೊಂಡು ಬಂದವರು ಲೆಕ್ಕವಿಲ್ಲದಷ್ಟು. ವಿದೇಶದಲ್ಲಿ ನೆಲೆಸಿದ ಮೇಲೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಪ್ರಕಾರ ಅದು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಭಾರತದ ಆದಾಯಕ್ಕಿರುವ ಖಾತೆಯಾಗಬೇಕು. ಪೌರತ್ವ ಬದಲಾದಾಗಲ್ಲ, ವಾಸ ಬದಲಾದಾಗಲೇ. ಹಾಗಾಗಿ ತಾಯಿಯ ಖಾತೆಗೂ ಇದು ಅನ್ವಯಿಸುತ್ತದೆ. ಬ್ಯಾಂಕಿಗೆ ಒಯ್ಯಬೇಕಾದದ್ದು: ಪಾಸ್‌ಪೋರ್ಟ್, ಒಸಿಐ, ಪ್ಯಾನ್, ಅಮೆರಿಕದ ವಿಳಾಸದ ದಾಖಲೆ, ಎರಡು ಫೋಟೊ, ಮತ್ತು ಆ ಹೆಸರಿನ ಅಫಿಡವಿಟ್. ಶಾಖೆಯಲ್ಲಿ ಆಧಾರ್ ಕೇಳಿದರೆ ‘ನಾವು ಇಲ್ಲಿಯ ನಿವಾಸಿಗಳಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಒಸಿಐ ಇರುವವರು ಆಧಾರ್ ಮಾಡಿಸಬೇಕಾದರೆ ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನವಾದರೂ ಭಾರತದಲ್ಲಿ ವಾಸವಿರಬೇಕು. ಹದಿನೆಂಟು ದಿನದ ರಜೆಯಲ್ಲಿ ‘ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಮುಂದೆ ಬಂದರೆ ಆ ಮಾತಿಗೆ ಕಿವಿಗೊಡಬೇಡಿ, ಅರ್ಜಿಯಲ್ಲಿ ಸುಳ್ಳು ಹೇಳಿದ ಹೊಣೆ ನಿಮ್ಮ ಮೇಲೇ ಬರುತ್ತದೆ.

ಬ್ಯಾಂಕಿನಲ್ಲಿ ಮೊಬೈಲ್ ನಂಬರ್ ಬದಲಾಯಿಸುವುದೂ ಇವತ್ತೇ ಆಗಲಿ. ಒಟಿಪಿ ಬರುವ ಹಳೆಯ ಸಿಮ್ ಬಳಕೆಯಿಲ್ಲದೆ ನಿಂತುಹೋಗಿ, ಆ ನಂಬರ್ ಬೇರೆಯವರಿಗೆ ಹೋದರೆ ಖಾತೆಗೆ ಕೈಹಾಕುವುದೇ ಕಷ್ಟ. ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ), ಎನ್‌ಆರ್‌ಒ ಖಾತೆಗಳಿಗೆ ಅಮೆರಿಕದ ನಂಬರನ್ನೇ ಜೋಡಿಸಿ ಯುಪಿಐ ಬಳಸಲು ಈಗ ಅವಕಾಶವಿದೆ, ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಎಂದು ಕೇಳಿ. ಹೊಸ ಸಿಮ್ ಬೇಕಾದರೆ ಬೀದಿಯ ಅಂಗಡಿಗೆ ಹೋಗದೆ ಕಂಪನಿಯದೇ ಮಳಿಗೆಗೆ ಹೋಗಿ. ಬೀದಿ ಅಂಗಡಿಯ ಯಂತ್ರ ಸಾಮಾನ್ಯವಾಗಿ ಆಧಾರ್ ಬೆರಳಚ್ಚಿಗಷ್ಟೇ ತೆರೆದುಕೊಳ್ಳುತ್ತದೆ.

ದಿನ 4: ಮೈಸೂರು

ಹೋಟೆಲ್ ಕೌಂಟರಿನಲ್ಲಿ ನೀವು ವಿದೇಶಿ. ಒಸಿಐ ಇದ್ದರೂ ಅಷ್ಟೇ. ವಿದೇಶಿಯರು ತಂಗಿದ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸುವುದು ತಂಗಿಸಿದವರ ಜವಾಬ್ದಾರಿ. ಹೋಟೆಲ್‌ನವರು ಇದನ್ನು ಇಂದಿಗೂ ‘ಸಿ ಫಾರ್ಮ್’ ಎಂದೇ ಕರೆಯುತ್ತಾರೆ. ಸಣ್ಣ ಲಾಡ್ಜು, ಹೋಂಸ್ಟೇಗಳಿಗೆ ಇದರ ಲಾಗಿನ್ ಇರುವುದಿಲ್ಲ, ಅದಕ್ಕೇ ರಾತ್ರಿ ಹತ್ತಕ್ಕೆ ಬಾಗಿಲಿಗೆ ಬಂದವರನ್ನು ‘ಫಾರಿನರ್ಸ್‌ಗೆ ರೂಮ್ ಕೊಡಲ್ಲ’ ಎಂದು ವಾಪಸ್ ಕಳಿಸುವುದು. ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ. ಈ ನಿಯಮ ನೆಂಟರ ಮನೆಗೂ ಅನ್ವಯಿಸುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದೇ ಇಲ್ಲ. ಚಿಕ್ಕಪ್ಪನ ಮನೆಯಲ್ಲಿ ಮೂರು ದಿನ ಉಳಿದರೆ ವಿವರ ಸಲ್ಲಿಸಬೇಕಾದವರು ಚಿಕ್ಕಪ್ಪ. ಹೊರಡುವ ಮುಂಚೆಯೇ ಅವರ ಹೆಸರಿನಲ್ಲಿ ಎಫ್‌ಆರ್‌ಆರ್‌ಒ ತಾಣದಲ್ಲಿ ನೋಂದಣಿ ಮಾಡಿಕೊಟ್ಟರೆ ಅವರಿಗೂ ನೆಮ್ಮದಿ. ಅಳಿಯ ವೀಸಾದಲ್ಲಿ ಬಂದಿರುವುದರಿಂದ ಅವನ ವಿಷಯದಲ್ಲಂತೂ ಬಿಡುವಂತಿಲ್ಲ.

ದಿನ 5: ಬೈಲಕುಪ್ಪೆ

ಮೈಸೂರಿನಿಂದ ಅರಕಲಗೂಡಿಗೆ ಕುಶಾಲನಗರದ ಮೇಲೆ ಹೋಗುವವರು ಬೈಲಕುಪ್ಪೆಯಲ್ಲಿ ಇಳಿದು ಚಿನ್ನದ ದೇವಾಲಯ ನೋಡುವುದು ವಾಡಿಕೆ. ಹಗಲು ಹೋಗಿ ನೋಡಿಕೊಂಡು ಬನ್ನಿ. ಟಿಬೆಟನ್ ವಸತಿಯೊಳಗೆ ರಾತ್ರಿ ಉಳಿಯಲು ಮಾತ್ರ ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಅನುಮತಿ ಬೇಕು. ಒಸಿಐ ಇದ್ದರೂ ಇದರಿಂದ ವಿನಾಯಿತಿಯಿಲ್ಲ. ಅರ್ಜಿ ದೆಹಲಿಯ ಗೃಹ ಸಚಿವಾಲಯದವರೆಗೆ ಹೋಗುವುದರಿಂದ ತಿಂಗಳುಗಳ ಮುಂಚೆ ಹಾಕಬೇಕು. ಮುಂಡಗೋಡಿನ ವಸತಿಗೂ ಇದೇ ನಿಯಮ.

2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಒಸಿಐ ಇರುವವರೂ ವಿಶೇಷ ಅನುಮತಿ ಪಡೆಯಬೇಕಾದ ಕೆಲಸಗಳ ಪಟ್ಟಿಯಿದೆ. ಸಂಶೋಧನೆ, ಪತ್ರಿಕಾ ಕೆಲಸ, ಪರ್ವತಾರೋಹಣ, ಧರ್ಮಪ್ರಚಾರ ಅದರಲ್ಲಿ ಸೇರಿವೆ. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕನ್ನಡ ಶಾಸನದ ಮೇಲೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿ ಅಜ್ಜಿ ಊರಿಗೆ ಬಂದವಳು, ಬಂದಿದ್ದೇನಲ್ಲ ಎಂದು ಹಸ್ತಪ್ರತಿ ಭಂಡಾರದಲ್ಲಿ ಕೆಲಸಕ್ಕೆ ಕೂತರೆ ಅದು ಸಂಶೋಧನೆಯಾಗುತ್ತದೆ. ಹುಟ್ಟೂರಿನ ನುಡಿಯನ್ನು ಅಭ್ಯಾಸ ಮಾಡಲು ಅನುಮತಿ ಕೇಳಬೇಕಾಗಿರುವುದು ಮನಸ್ಸಿಗೆ ನೋವಾಗುವ ವಿಷಯ. ಆದರೆ ನಿಯಮ ಇರುವುದು ಹಾಗೆ, ಇ-ಎಫ್‌ಆರ್‌ಆರ್‌ಒದಲ್ಲಿ ಅರ್ಜಿ ಹಾಕಿಯೇ ಮುಂದುವರಿಯಬೇಕು.

ದಿನ 6ರಿಂದ 9: ಊರು

ಅಜ್ಜಿ, ಚಿಕ್ಕಪ್ಪ, ಇಬ್ಬರು ಅತ್ತೆಯರು. ತಾತ ಹೋಗಿ ಎರಡು ವರ್ಷ. ನಾಲ್ಕು ಎಕರೆ ಹೊಲ, ಒಂದು ತೆಂಗಿನ ತೋಟ, ಎಲ್ಲವೂ ಇನ್ನೂ ತಾತನ ಹೆಸರಿನಲ್ಲೇ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಹೊರಬಂದ ಮೇಲೆ ಚಿಕ್ಕಪ್ಪ ಮಾತು ತೆಗೆಯುತ್ತಾರೆ: “ಅಣ್ಣಾ, ನೀನು ಬಂದಾಗಲೇ ಪೌತಿ ಖಾತೆ ಮಾಡ್ಸಿಬಿಡಾಣ.”

ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಈ ಪೌತಿ ಖಾತೆ ಮಾಡಿಸಬಹುದು. ಒಸಿಐ ಇರುವವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ; ಆದರೆ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಈ ಎರಡರ ನಡುವೆ ದಾನವಿದೆ, ಅಲ್ಲೇ ತಪ್ಪಾಗುವುದು. ತಾತ ಬದುಕಿದ್ದಾಗ ಪ್ರೀತಿಯಿಂದ ಅಮೆರಿಕದ ಮಗನಿಗೆ ಹೊಲದ ದಾನಪತ್ರ ಬರೆದಿದ್ದರೆ ಅದು ನಿಲ್ಲುವುದಿಲ್ಲ; ಉಯಿಲು ಬರೆದಿದ್ದರೆ ನಿಲ್ಲುತ್ತದೆ. ವಯಸ್ಸಾದ ತಂದೆ ತಾಯಿ ಊರಿನಲ್ಲಿರುವವರು ಈ ವ್ಯತ್ಯಾಸವನ್ನು ಇವತ್ತೇ ಮನೆಯಲ್ಲಿ ಹೇಳಿ.

ಇನ್ನೊಂದು ತಪ್ಪು ತಿಳಿವಳಿಕೆ ಊರೂರಲ್ಲೂ ಇದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದ ಮೇಲೆ ‘ಈಗ ಯಾರು ಬೇಕಾದರೂ ಜಮೀನು ತಗೋಬಹುದು’ ಎನ್ನುತ್ತಾರೆ. ಅದು ರಾಜ್ಯದ ಕಾನೂನು. ಒಸಿಐಯವರನ್ನು ತಡೆದಿರುವುದು ಫೆಮಾ ಅಡಿಯ ಕೇಂದ್ರದ ನಿಯಮ, ಅದು ಬದಲಾಗಿಲ್ಲ. ಪಕ್ಕದ ಹೊಲ ಮಾರಾಟಕ್ಕಿದೆ ಎಂದು ಅಡ್ವಾನ್ಸ್ ಕೊಟ್ಟು ಬರಬೇಡಿ.

ಪೌತಿ ಖಾತೆಗೆ ಬೇಕಾದದ್ದು ತಾತನ ಮರಣ ಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಗುರುತಿನ ದಾಖಲೆ. ಅರ್ಜಿ ನಾಡಕಚೇರಿಗೆ ಹೋಗುತ್ತದೆ, ಸ್ಥಳದಲ್ಲಿ ವಿಚಾರಿಸುವವರು ಗ್ರಾಮ ಆಡಳಿತಾಧಿಕಾರಿ. ಗುರುತಿಗೆ ಆಧಾರ್ ಕೇಳುವುದು ರೂಢಿ. ತಂದೆ ಒಸಿಐ ಮತ್ತು ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ, ಆಧಾರ್ ಏಕಿಲ್ಲ ಎಂದು ತಹಶೀಲ್ದಾರರಿಗೆ ಬರೆದ ಅರ್ಜಿಯನ್ನು ಜೊತೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಇಲ್ಲಿ ವಂಶವೃಕ್ಷದ ‘ರಮೇಶ ಬಿನ್ ಶ್ರೀನಿವಾಸಯ್ಯ’ನೂ ಪಾಸ್‌ಪೋರ್ಟಿನ ಹೆಸರೂ ಎದುರಾಬದುರು ಕೂರುತ್ತವೆ. ಹಳೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ತಂದಿದ್ದವರ ಕೆಲಸ ಸಲೀಸು. ಅಪ್ಪನ ಹೆಸರೂ ಹುಟ್ಟಿದ ತಾರೀಖೂ ಒಂದೇ ಹಾಳೆಯಲ್ಲಿರುವ ದಾಖಲೆ ಅದು.

ವಂಶವೃಕ್ಷದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ‘ಅವರಿಗೆ ಮದುವೇಲೇ ಕೊಟ್ಟಾಗಿದೆ’ ಎಂದು ಅತ್ತೆಯರ ಹೆಸರು ಬಿಟ್ಟು ಬರೆಸುವುದು ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ಕಾಗದದಲ್ಲಿ ಅವರನ್ನು ಇಲ್ಲವೆಂದು ತೋರಿಸಿ ರುಜು ಹಾಕುವುದು ಅನ್ಯಾಯ; ಒಸಿಐ ಇರುವವರಿಗೆ ಅಪಾಯವೂ ಹೌದು. 2025ರ ಆಗಸ್ಟಿನ ಅಧಿಸೂಚನೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದರೆ ಸಾಕು, ಒಸಿಐ ರದ್ದಾಗಬಹುದು, ತೀರ್ಪು ಬರಬೇಕಾಗಿಲ್ಲ. ಆಸ್ತಿಯ ವಿಷಯದಲ್ಲಿ ವಂಚನೆ ಅಂಥ ಅಪರಾಧವೇ. ಅಕ್ಕತಂಗಿಯರು ಪಾಲು ಬೇಡವೆಂದರೆ ಹೆಸರು ಸೇರಿಸಿ, ಆಮೇಲೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ.

ತಂದೆ ತಮ್ಮ ಪಾಲನ್ನು ತಮ್ಮನಿಗೇ ಬಿಟ್ಟುಕೊಡಲೂಬಹುದು, ಮಾರಲೂಬಹುದು. ಕೊಳ್ಳುವವರು ಭಾರತದಲ್ಲೇ ನೆಲೆಸಿರುವ ಭಾರತದ ಪೌರರಾಗಿರಬೇಕು. ಅಮೆರಿಕದಲ್ಲಿರುವ ಇನ್ನೊಬ್ಬ ನೆಂಟನಿಗೆ ಹೊಲ ಮಾರುವಂತಿಲ್ಲ.

ಒಂಬತ್ತನೇ ದಿನ ಸಂಜೆ ಮತದಾರರ ಪಟ್ಟಿಯಲ್ಲಿ ತಂದೆಯ ಹೆಸರು ಇನ್ನೂ ಇದೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಇದ್ದರೆ 7ನೇ ನಮೂನೆ ಕೊಟ್ಟು ತೆಗೆಸಬೇಕು. ತಾಯಿಯ ಸಂಗತಿ ಬೇರೆ, ಅವರು ಪೌರರು. ಅನಿವಾಸಿ ಮತದಾರರಾಗಿ 6ಎ ನಮೂನೆಯಲ್ಲಿ ನೋಂದಾಯಿಸಿಕೊಳ್ಳಬಹುದು.

ದಿನ 10: ಬೇಲೂರು, ಹಳೇಬೀಡು

ಎರಡೂ ಕಡೆ ದೇವಾಲಯಕ್ಕೆ ಟಿಕೆಟ್ ಇಲ್ಲ, ಹಾಗಾಗಿ ತಕರಾರೂ ಇಲ್ಲ. ಇಡೀ ದಿನ ಶಿಲ್ಪಕ್ಕೇ ಕೊಡಿ.

ದಿನ 11 ಮತ್ತು 12: ಹಂಪಿ

ವಿಜಯವಿಠ್ಠಲ ದೇವಾಲಯದ ಟಿಕೆಟ್ ಕಿಟಕಿಯಲ್ಲಿ ಎರಡು ದರ: ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಒಸಿಐ ಇರುವವರಿಗೆ ಭಾರತೀಯರ ದರವೇ. ರಾಷ್ಟ್ರೀಯ ಸ್ಮಾರಕ, ಐತಿಹಾಸಿಕ ಸ್ಥಳ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳ ಪ್ರವೇಶ ಶುಲ್ಕದಲ್ಲಿ ಸಮಾನತೆ ಎಂದು 2021ರ ಅಧಿಸೂಚನೆಯಲ್ಲಿ ಬರೆದಿದೆ. ಅಂದರೆ ಐವರಲ್ಲಿ ನಾಲ್ವರಿಗೆ 40, ಅಳಿಯನಿಗೆ 600. ಹದಿನೈದರೊಳಗಿನ ಮಕ್ಕಳಿಗೆ ಉಚಿತ, ಮಗನಿಗೆ ಹದಿನೈದು ತುಂಬಿರುವುದರಿಂದ ಅವನಿಗೂ ಟಿಕೆಟ್ ಬೇಕು. ಅದೇ ದಿನ ಅದೇ ಟಿಕೆಟಿನಲ್ಲಿ ಕಮಲ ಮಹಲಿನ ಆವರಣವನ್ನೂ ನೋಡಬಹುದು, ಎಸೆಯಬೇಡಿ.

ಕಾರ್ಡ್ ಹೋಟೆಲಿನಲ್ಲಿ ಬಿಟ್ಟು ಬಂದು ಕನ್ನಡದಲ್ಲಿ ಮಾತಾಡಿ ಒಪ್ಪಿಸುತ್ತೇವೆ ಎಂದುಕೊಂಡರೆ ಆಗುವುದಿಲ್ಲ. ಮಗಳು ಕನ್ನಡ ಎಷ್ಟೇ ಚೆನ್ನಾಗಿ ಆಡಿದರೂ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದಾಗ ತೋರಿಸುವುದು ಅಮೆರಿಕದ ಪಾಸ್‌ಪೋರ್ಟ್ ಆದರೆ ದರ 600ಕ್ಕೆ ಏರುತ್ತದೆ. ಮೂಲ ಕಾರ್ಡನ್ನು ತೋರಿಸಿ. ಎಲ್ಲ ಸಿಬ್ಬಂದಿಗೂ ಒಸಿಐ ಎಂದರೇನೆಂದು ತಿಳಿದಿರುವುದಿಲ್ಲ, ಅಧಿಸೂಚನೆಯ ಒಂದು ಪುಟ ಫೋನಿನಲ್ಲಿದ್ದರೆ ಸಮಾಧಾನದಿಂದ ತೋರಿಸಬಹುದು. ಸಮಾನತೆ ಇರುವುದು ಪ್ರವೇಶ ಶುಲ್ಕಕ್ಕೆ. ಕಾಡಿನ ರೆಸಾರ್ಟಿನ ಕೊಠಡಿ, ಸಫಾರಿ ಪ್ಯಾಕೇಜಿನ ದರ ಬೇರೆ ಲೆಕ್ಕ, ಬುಕ್ ಮಾಡುವಾಗ ಕೇಳಿ ತಿಳಿಯಿರಿ.

ದಿನ 13: ಏನಾದರೂ ಕಳೆದರೆ

ರಾತ್ರಿ ರೈಲಿನಲ್ಲಿ ಹೊಸಪೇಟೆಯಿಂದ ಬೆಂಗಳೂರಿಗೆ. ಕೈಚೀಲ ಕಳೆಯುವುದು ಇಂಥ ಕಡೆಯೇ, ಅದಕ್ಕೇ ಈ ದಿನವನ್ನು ಖಾಲಿ ಬಿಡಿ.

ಒಸಿಐ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಅದರ ಪ್ರತಿ ಇಟ್ಟು ಆನ್‌ಲೈನಿನಲ್ಲಿ ಮರುವಿತರಣೆಯ ಅರ್ಜಿ. ಬೆಂಗಳೂರಿನ ಎಫ್‌ಆರ್‌ಆರ್‌ಒ ಕಚೇರಿ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಅಮೆರಿಕದ ಪಾಸ್‌ಪೋರ್ಟ್ ಕಳೆದರೆ ಕರ್ನಾಟಕದಲ್ಲಿರುವವರು ಹೋಗಬೇಕಾದದ್ದು ಚೆನ್ನೈನ ಅಮೆರಿಕ ಕಾನ್ಸುಲೇಟಿಗೆ. ಅಲ್ಲಿ ತುರ್ತು ಪಾಸ್‌ಪೋರ್ಟ್ ಸಿಗುತ್ತದೆ. ಅಳಿಯನದು ಕಳೆದಿದ್ದರೆ ಅಷ್ಟಕ್ಕೇ ಮುಗಿಯುವುದಿಲ್ಲ, ವೀಸಾ ಕಟ್ಟಿಕೊಂಡಿರುವುದು ಕಳೆದ ಪಾಸ್‌ಪೋರ್ಟಿಗೆ. ಇ-ಎಫ್‌ಆರ್‌ಆರ್‌ಒದಲ್ಲಿ ನಿರ್ಗಮನ ಅನುಮತಿ ಪಡೆದೇ ವಿಮಾನ ಹತ್ತಬೇಕು. ಶನಿವಾರ, ಭಾನುವಾರ, ಎರಡೂ ದೇಶದ ರಜೆಗಳನ್ನು ಲೆಕ್ಕ ಹಾಕಿದರೆ ನಾಲ್ಕೈದು ದಿನ ಸುಲಭವಾಗಿ ಹೋಗುತ್ತದೆ. ಪಾಸ್‌ಪೋರ್ಟ್ ಒಬ್ಬರ ಹತ್ತಿರ, ಒಸಿಐ ಇನ್ನೊಬ್ಬರ ಹತ್ತಿರ ಇಟ್ಟರೆ ಒಂದೇ ಚೀಲದ ಜೊತೆ ಎರಡೂ ಹೋಗುವುದಿಲ್ಲ.

ದಿನ 14 ಮತ್ತು 15: ಸೈಟು, ಸಬ್ ರಿಜಿಸ್ಟ್ರಾರ್

ಮನೆ, ಫ್ಲ್ಯಾಟು, ವಸತಿ ನಿವೇಶನ ಕೊಳ್ಳಲು ಒಸಿಐಯವರಿಗೆ ಅಡ್ಡಿಯಿಲ್ಲ. ಬೆಂಗಳೂರಿನ ಸುತ್ತ ಅಗ್ಗಕ್ಕೆ ಸಿಗುವ ‘ರೆವಿನ್ಯೂ ಸೈಟು’ಗಳ ಗತಿ ಬೇರೆ. ಭೂಪರಿವರ್ತನೆಯಾಗದ ಆ ಜಾಗ ದಾಖಲೆಯಲ್ಲಿ ಇನ್ನೂ ಕೃಷಿ ಜಮೀನು. ಸ್ಥಳೀಯರಿಗೆ ಅದು ಖಾತೆಯ ತೊಂದರೆ, ಒಸಿಐಯವರಿಗೆ ಫೆಮಾ ಉಲ್ಲಂಘನೆ. ಪರಿವರ್ತನೆ ಆದೇಶದ ಪ್ರತಿ ನೋಡದೆ ಮುಂದುವರಿಯಬೇಡಿ. ಹಣ ಬ್ಯಾಂಕಿನ ಮೂಲಕವೇ ಬರಬೇಕು, ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ, ಇಲ್ಲವೇ ಹೊರಗಿನಿಂದ ನೇರ ರವಾನೆ. ಡಾಲರ್ ನೋಟು ಎಣಿಸಿಕೊಡುವಂತಿಲ್ಲ.

ಮಾರುವವರು ಅನಿವಾಸಿಯಾದರೆ ಕೊಳ್ಳುವವರು ಹಿಡಿಯಬೇಕಾದ ತೆರಿಗೆ ಸ್ಥಳೀಯರ ಶೇ 1ರ ಲೆಕ್ಕವಲ್ಲ, ಬಹಳ ಹೆಚ್ಚು. ನಿಮ್ಮ ನಿಜವಾದ ಲಾಭದ ಮೇಲಷ್ಟೇ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಬಹುದು. ರಜೆಯಲ್ಲಿ ಬಂದು ಒಂದೇ ವಾರದಲ್ಲಿ ಮಾರಿ ಹೋಗುತ್ತೇನೆ ಎನ್ನುವವರು ಸಿಕ್ಕಿಕೊಳ್ಳುವುದು ಇಲ್ಲೇ. ಬಂದ ಹಣ ಎನ್‌ಆರ್‌ಒ ಖಾತೆಗೆ ಹೋಗುತ್ತದೆ, ತೆರಿಗೆ ಕಟ್ಟಿದ ದಾಖಲೆ ತೋರಿಸಿ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.

ಊರಿನ ಕೆಲಸ ಹದಿನೆಂಟು ದಿನದಲ್ಲಿ ಮುಗಿಯುವುದಿಲ್ಲ. ಆಕ್ಷೇಪಣೆಯ ಅವಧಿ, ಮ್ಯುಟೇಷನ್ ಎಲ್ಲ ಆಗುವ ಹೊತ್ತಿಗೆ ನೀವು ಆಫೀಸಿಗೆ ಮರಳಿರುತ್ತೀರಿ. ನಂಬಿಕಸ್ಥರಿಗೆ ಜಿಪಿಎ (ನಿಮ್ಮ ಪರವಾಗಿ ಕೆಲಸ ಮಾಡಲು ಕೊಡುವ ಅಧಿಕಾರಪತ್ರ) ಬರೆದುಕೊಡುವುದಾದರೆ ಇಲ್ಲಿರುವಾಗಲೇ ಸಬ್ ರಿಜಿಸ್ಟ್ರಾರ್ ಮುಂದೆ ಖುದ್ದು ಹಾಜರಾಗಿ ನೋಂದಣಿ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಯಾವ ಸರ್ವೆ ನಂಬರು, ಯಾವ ಕೆಲಸ ಎಂದು ಬಿಡಿಸಿ ಬರೆಸಿ. ಖಾತೆ ಮಾಡಿಸಲು ಕೊಟ್ಟ ಅಧಿಕಾರದಲ್ಲಿ ಮಾರುವ ಅಧಿಕಾರ ಸೇರಿಕೊಳ್ಳದಿರಲಿ. ಅಮೆರಿಕಕ್ಕೆ ಹೋದ ಮೇಲೆ ಕಳಿಸುವುದಾದರೆ ಭಾರತದ ಕಾನ್ಸುಲೇಟಿನಲ್ಲಿ, ಅಥವಾ ನೋಟರಿ ಮುಂದೆ ರುಜು ಹಾಕಿ ಅಪಾಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಮಾಡಿಸಿ ಕಳಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬೀರುವಿನಲ್ಲಿ ಆರು ತಿಂಗಳು ಮಲಗಿದ ಜಿಪಿಎಗೆ ದಂಡ ಬೀಳುತ್ತದೆ.

ದಿನ 16 ಮತ್ತು 17

ನೆಂಟರು, ಮದುವೆಮನೆ, ಹೋಳಿಗೆ, ಚಟ್ನಿಪುಡಿ. ಊರಿನ ಅಟ್ಟದಲ್ಲಿ ಸಿಕ್ಕ ತಾಳೆಗರಿಯ ಕಟ್ಟನ್ನೋ ಹಳೆಯ ಪಂಚಲೋಹದ ವಿಗ್ರಹವನ್ನೋ ನೆನಪಿಗೆಂದು ಪೆಟ್ಟಿಗೆಗೆ ಹಾಕುವವರಿದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ದೇಶ ಬಿಡುವಂತಿಲ್ಲ. ಅಜ್ಜಿಯ ಮನೆಯದೇ ಆದರೂ ಅಷ್ಟೇ. ಫೋಟೊ ತೆಗೆದುಕೊಂಡು ಮೂಲವನ್ನು ಊರಲ್ಲೇ ಬಿಡಿ.

ದಿನ 18: ವಾಪಸ್

ಬಂದ ಪಾಸ್‌ಪೋರ್ಟಿನಲ್ಲೇ ಹೊರಡಬೇಕು. ಅಮೆರಿಕದ ಪೌರರು ಅಮೆರಿಕಕ್ಕೆ ಮರಳುವುದು ಅಮೆರಿಕದ ಪಾಸ್‌ಪೋರ್ಟಿನಲ್ಲೇ ಎಂಬುದು ಆ ದೇಶದ ಕಾನೂನು ಕೂಡ. ತಾಯಿ ಭಾರತದ ಪಾಸ್‌ಪೋರ್ಟಿನ ಜೊತೆ ಗ್ರೀನ್ ಕಾರ್ಡ್ ತೋರಿಸುತ್ತಾರೆ. ಇಮಿಗ್ರೇಷನ್ ದಾಟುವ ಮುಂಚೆ ಬಂದ ದಿನದ ಮತ್ತು ಹೊರಡುವ ದಿನದ ತಾರೀಖನ್ನು ಒಂದು ಕಡೆ ಬರೆದಿಡಿ. ಭಾರತದಲ್ಲಿ ಬಾಡಿಗೆ, ಬಡ್ಡಿ ಸೇರಿ ವರ್ಷಕ್ಕೆ 15 ಲಕ್ಷ ಮೀರಿದ ಆದಾಯ ಇರುವವರಿಗೆ ಒಂದು ಆರ್ಥಿಕ ವರ್ಷದಲ್ಲಿ 120 ದಿನ, ಉಳಿದವರಿಗೆ 182 ದಿನ ತಲುಪಿದರೆ ತೆರಿಗೆಯ ಲೆಕ್ಕದಲ್ಲಿ ನಿವಾಸಿ ಎಂಬ ಪ್ರಶ್ನೆ ಏಳುತ್ತದೆ. ಹದಿನೆಂಟು ದಿನಕ್ಕೆ ಆ ಭಯವಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ವರ್ಷದಲ್ಲಿ ಮೂರು ನಾಲ್ಕು ಸಲ ಬಂದು ತಿಂಗಳುಗಟ್ಟಲೆ ಉಳಿಯುವವರು ಮಾತ್ರ ದಿನಗಳನ್ನು ಕೂಡಿಸುತ್ತಾ ಹೋಗಬೇಕು, ಬಂದ ದಿನ ಹೋದ ದಿನ ಎರಡನ್ನೂ ಸೇರಿಸಿ.